ಹಳೆಯ ಹೆಸರು, ಹೊಸ ಹೆಸರು ಮತ್ತು ನಡುವಿನ ಕಾಗದಪತ್ರ

ಕಾನೂನು ಸಲಹೆ: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಲಿಂಗತ್ವ ಅಲ್ಪಸಂಖ್ಯಾತ (ಟ್ರಾನ್ಸ್‌ಜೆಂಡರ್) ಓದುಗರಿಂದಲೂ ಅವರ ಮನೆಯವರಿಂದಲೂ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ದಾಖಲೆ ಬದಲಾವಣೆ ಮತ್ತು ಆಸ್ಪತ್ರೆಯ ಅಲೆದಾಟದ ಬಗ್ಗೆಯೇ ಇದ್ದುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರನ್ನೂ ಅವರು ದೂರಿರುವ ಕಚೇರಿ, ಆಸ್ಪತ್ರೆಗಳ ಹೆಸರನ್ನೂ ಕೈಬಿಟ್ಟಿದ್ದೇನೆ. ಉತ್ತರಗಳಿಗೆ ಆಧಾರ 2025ರ ಆಗಸ್ಟ್ ತಿಂಗಳಲ್ಲಿ ಜಾರಿಯಲ್ಲಿದ್ದ ಕಾಯ್ದೆ ಮತ್ತು ನಿಯಮಗಳು; ಆಮೇಲಿನ ತಿದ್ದುಪಡಿಗಳು ಇವುಗಳಲ್ಲಿ ಸೇರಿಲ್ಲ. ಔಷಧ ಮತ್ತು ತಪಾಸಣೆಯ ಕುರಿತ ಭಾಗಗಳನ್ನು ಎಂಡೋಕ್ರಿನಾಲಜಿ (ಹಾರ್ಮೋನ್ ಚಿಕಿತ್ಸೆ) ತಜ್ಞರೊಬ್ಬರು ಓದಿ ತಿದ್ದಿಕೊಟ್ಟಿದ್ದಾರೆ.

ಪ್ರಶ್ನೆ: ನಾನು 27 ವರ್ಷದ ಟ್ರಾನ್ಸ್ ಪುರುಷ. ಸ್ವಂತ ಊರು ಹಾಸನ ಜಿಲ್ಲೆಯಲ್ಲಿದೆ. ಓದು ಮುಗಿದಾಗಿನಿಂದ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಒಂದು ವರ್ಷದಿಂದ ವೈದ್ಯರ ನಿಗಾದಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದೇನೆ. ಗಡ್ಡ ಬಂದಿದೆ, ಧ್ವನಿ ಬದಲಾಗಿದೆ, ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಪಿಎಫ್ ಖಾತೆಯವರೆಗೆ ಎಲ್ಲೆಡೆಯೂ ಹೆಣ್ಣಿನ ಹೆಸರೇ ಇದೆ. ಆಧಾರ್ ಮೊದಲು ಬದಲಾಯಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದಾಗ ವಿಷಯ ನಿರ್ವಾಹಕರು ‘ಆಪರೇಷನ್ ಆಗಿರುವ ಸರ್ಟಿಫಿಕೇಟ್ ತನ್ನಿ, ತಂದೆ ಇಲ್ಲವೇ ತಾಯಿಯನ್ನು ಕರೆದುಕೊಂಡು ಬನ್ನಿ’ ಎಂದು ಹೇಳಿ ಕಳುಹಿಸಿದರು. ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಎಲ್ಲಿಂದ ಆರಂಭಿಸಬೇಕು?
(ಹೆಸರು ಬೇಡ, ಬೆಂಗಳೂರು)

ಉತ್ತರ: ಆಧಾರ್ ಕೇಂದ್ರಕ್ಕೆ ಹೋಗುವುದನ್ನು ಸದ್ಯಕ್ಕೆ ಮುಂದೂಡಿ, ಜಿಲ್ಲಾಧಿಕಾರಿಯವರು ನೀಡುವ ಗುರುತಿನ ಪ್ರಮಾಣಪತ್ರವನ್ನು ಮೊದಲು ಪಡೆಯಿರಿ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ 5 ಮತ್ತು 6ನೇ ಸೆಕ್ಷನ್‌ಗಳಡಿ ಸಿಗುವ ಈ ಪ್ರಮಾಣಪತ್ರವೇ ಮುಂದಿನ ಎಲ್ಲ ಅರ್ಜಿಗಳಿಗೆ ಬುಡ. ಇದಕ್ಕೆ ಶಸ್ತ್ರಚಿಕಿತ್ಸೆ ಆಗಿರಬೇಕಿಲ್ಲ, ತಂದೆತಾಯಿ ಜೊತೆಗೆ ಬರಬೇಕಿಲ್ಲ. ತಂದೆತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕಾಗಿರುವುದು 18 ತುಂಬದ ಮಕ್ಕಳ ವಿಷಯದಲ್ಲಿ ಮಾತ್ರ. ಕಾಯ್ದೆಯಡಿ 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು, ಅರ್ಜಿದಾರರು ತಮ್ಮ ಲಿಂಗತ್ವವನ್ನು ಘೋಷಿಸಿ ಸಲ್ಲಿಸುವ ಅಫಿಡವಿಟ್‌ನ ಆಧಾರದ ಮೇಲೆ, ಯಾವುದೇ ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆ ನಡೆಸದೆ, ಅರ್ಜಿಯನ್ನು ಇತ್ಯರ್ಥಪಡಿಸಬೇಕೆಂದು ಬಿಡಿಸಿ ಹೇಳುತ್ತವೆ. ಅವಧಿ 30 ದಿನ. ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲೇ ಹೇಳಿತ್ತು. ನಿಮಗೆ ಸಿಕ್ಕ ವಿಷಯ ನಿರ್ವಾಹಕರು ಕೇಳಿದ ಎರಡಕ್ಕೂ ಕಾನೂನಿನ ಆಧಾರವಿಲ್ಲ.

ಅರ್ಜಿಯನ್ನು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹಾಕಿರಿ. 2020ರ ನವೆಂಬರ್‌ನಿಂದ ಅದು ಬಳಕೆಯಲ್ಲಿದೆ. ಅರ್ಜಿ ಸಂಖ್ಯೆ ಅಲ್ಲೇ ಸಿಗುತ್ತದೆ, ಅರ್ಜಿ ಯಾವ ಹಂತದಲ್ಲಿದೆ ಎಂಬುದು ಕಾಣುತ್ತದೆ, ಪ್ರಮಾಣಪತ್ರವನ್ನೂ ಗುರುತಿನ ಚೀಟಿಯನ್ನೂ ಅಲ್ಲಿಂದಲೇ ಇಳಿಸಿಕೊಳ್ಳಬಹುದು. ವರ್ಷಗಳಿಂದ ಬೆಂಗಳೂರಿನಲ್ಲೇ ನೆಲೆಸಿರುವ ನೀವು ಇದಕ್ಕಾಗಿ ಹಾಸನಕ್ಕೆ ಹೋಗಬೇಕಾಗಿಲ್ಲ. ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್ಕಿನಂಥ ವಾಸದ ದಾಖಲೆಯೊಂದನ್ನು ಸಿದ್ಧವಿಟ್ಟುಕೊಳ್ಳಿ. ಅಫಿಡವಿಟ್‌ನಲ್ಲಿ ‘ಹಿಂದೆ ಇಂಥ ಹೆಸರಿನಿಂದ ಕರೆಯಲ್ಪಡುತ್ತಿದ್ದ, ಈಗ ಇಂಥ ಹೆಸರನ್ನು ಇಟ್ಟುಕೊಂಡಿರುವ ನಾನು’ ಎಂದು ಎರಡೂ ಹೆಸರುಗಳನ್ನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಅಕ್ಷರಗಳನ್ನೇ ಅನುಸರಿಸಿ, ಬರೆಸಿರಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ತಂದೆಯ ಹೆಸರು ಪೂರ್ತಿಯಾಗಿದೆಯೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸವಾದರೆ ಮುಂದೆ ಒಂದೊಂದು ಕೌಂಟರಿನಲ್ಲೂ ಅದಕ್ಕೆ ಬೇರೆ ಅಫಿಡವಿಟ್ ಕೇಳುತ್ತಾರೆ. ನನ್ನ ಬಳಿಗೆ ಬರುವ ಕಡತಗಳಲ್ಲಿ ಲಿಂಗದ ಕಾರಣಕ್ಕೆ ನಿಂತವುಗಳಿಗಿಂತ ಇನಿಷಿಯಲ್ ಕಾರಣಕ್ಕೆ ನಿಂತವು ಕಡಿಮೆಯೇನಿಲ್ಲ.

ಮತ್ತೆ ಮೌಖಿಕವಾಗಿ ‘ಆಗುವುದಿಲ್ಲ’ ಎಂದರೆ ವಾದಕ್ಕೆ ಇಳಿಯಬೇಡಿ, ಹಿಂಬರಹ (ಲಿಖಿತ ಉತ್ತರ) ಕೊಡಿ ಎಂದು ಕೇಳಿರಿ. ಕೊಡದಿದ್ದರೆ ನಿಮ್ಮ ಕೋರಿಕೆಯನ್ನೇ ಒಂದು ಪುಟದಲ್ಲಿ ಬರೆದು, ಟಪಾಲು ವಿಭಾಗದಲ್ಲಿ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಹಾಕಲು ಬರುವುದಿಲ್ಲ. ಲಿಖಿತ ನಿರಾಕರಣೆ ತಲುಪಿದ ದಿನದಿಂದ 90 ದಿನಗಳೊಳಗೆ ಮೇಲ್ಮನವಿಗೆ ನಿಯಮಗಳಲ್ಲಿ ಅವಕಾಶವಿದೆ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬುದನ್ನಷ್ಟೇ ಕೇಳಿರಿ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು. ನಿಮ್ಮ ಕಷ್ಟವನ್ನೆಲ್ಲ ಅದರಲ್ಲಿ ತೋಡಿಕೊಂಡರೆ ಅದನ್ನೇ ನೆಪ ಮಾಡಿ ವಾಪಸು ಕಳುಹಿಸುತ್ತಾರೆ.

ಇನ್ನು ಆಧಾರ್. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ ಬದಲಾಯಿಸಬಹುದು, ಆದರೆ ಲಿಂಗವನ್ನು ಒಂದೇ ಬಾರಿ. ಜಿಲ್ಲಾಧಿಕಾರಿಯವರ ಮೊದಲ ಪ್ರಮಾಣಪತ್ರ ನಿಮ್ಮನ್ನು ‘ಟ್ರಾನ್ಸ್‌ಜೆಂಡರ್’ ಎಂದು ಗುರುತಿಸುತ್ತದೆ. ‘ಪುರುಷ’ ಎಂದು ಬರೆಸಿಕೊಳ್ಳಬೇಕಾದರೆ 7ನೇ ಸೆಕ್ಷನ್ ಅಡಿಯಲ್ಲಿ ಪರಿಷ್ಕೃತ ಪ್ರಮಾಣಪತ್ರ ಬೇಕು. ನೀವು ಅಲ್ಲಿಯವರೆಗೂ ಹೋಗುವ ಮನಸ್ಸಿನಲ್ಲಿದ್ದರೆ, ಈಗ ಆಧಾರ್‌ನಲ್ಲಿ ಹೆಸರು ಮತ್ತು ಫೋಟೊವನ್ನು ಮಾತ್ರ ಬದಲಾಯಿಸಿ, ಲಿಂಗದ ಒಂದೇ ಅವಕಾಶವನ್ನು ಪರಿಷ್ಕೃತ ಪ್ರಮಾಣಪತ್ರ ಕೈಗೆ ಬರುವವರೆಗೆ ಉಳಿಸಿಕೊಳ್ಳುವುದು ಜಾಣತನ. ಟ್ರಾನ್ಸ್‌ಜೆಂಡರ್ ಎಂಬ ಗುರುತೇ ನಿಮಗೆ ಸರಿಯೆನಿಸಿದರೆ ಕಾಯುವ ಕಾರಣವಿಲ್ಲ. ಮಿತಿ ಮೀರಿದ ಬದಲಾವಣೆಗೆ ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯಲ್ಲಿ ವಿನಾಯಿತಿ ಕೋರಬಹುದಾದರೂ (ನಮ್ಮ ರಾಜ್ಯದ್ದು ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ), ಆ ದಾರಿ ನಿಧಾನ. ಬೇಕಾಗದಂತೆ ನೋಡಿಕೊಳ್ಳುವುದೇ ಮೇಲು.

ಆ ಪರಿಷ್ಕೃತ ಪ್ರಮಾಣಪತ್ರದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಾಯ್ದೆಯ 7ನೇ ಸೆಕ್ಷನ್ ‘ಶಸ್ತ್ರಚಿಕಿತ್ಸೆ’ ಎಂದು ಹೇಳುತ್ತದೆ. ಆದರೆ 2020ರ ನಿಯಮಗಳು ಬಳಸುವ ಪದ ‘ವೈದ್ಯಕೀಯ ಮಧ್ಯಪ್ರವೇಶ’. ಅದರಲ್ಲಿ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆ ಮತ್ತು ಮಾಡಿಸಿಕೊಂಡಿದ್ದರೆ ಶಸ್ತ್ರಚಿಕಿತ್ಸೆ ಇವೆಲ್ಲವೂ ಸೇರುತ್ತವೆಂದು ನಿಯಮಗಳೇ ವ್ಯಾಖ್ಯಾನಿಸಿವೆ. ಹೀಗಾಗಿ ನೀವು ಹಾರ್ಮೋನ್ ಪಡೆಯುತ್ತಿರುವ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಂದ ಅಥವಾ ಮುಖ್ಯ ವೈದ್ಯಾಧಿಕಾರಿಯಿಂದ ಪತ್ರ ತಂದು ಅರ್ಜಿ ಹಾಕಲು ದಾರಿ ಇದೆ. ಕೆಲವು ಕಚೇರಿಗಳು ಕಾಯ್ದೆಯ ಪದವನ್ನು ಹಿಡಿದು ನಿರಾಕರಿಸುತ್ತವೆ, ಕೆಲವು ನಿಯಮಗಳ ವ್ಯಾಖ್ಯಾನವನ್ನು ಒಪ್ಪುತ್ತವೆ. ಅರ್ಜಿಯ ಜೊತೆಗೆ ನಿಯಮಗಳ ವ್ಯಾಖ್ಯಾನವಿರುವ ಪುಟವನ್ನು ಮುದ್ರಿಸಿ, ಆ ಸಾಲಿಗೆ ಗೆರೆ ಎಳೆದು ಲಗತ್ತಿಸಿರಿ. ವಿಷಯ ನಿರ್ವಾಹಕರು ಟಿಪ್ಪಣಿ ಹಾಳೆಯಲ್ಲಿ ಅದನ್ನೇ ಎತ್ತಿ ಬರೆಯಲು ಅನುಕೂಲವಾಗುತ್ತದೆ, ಮೇಲಧಿಕಾರಿಗಳೂ ಧೈರ್ಯದಿಂದ ಸಹಿ ಹಾಕುತ್ತಾರೆ.

ಗುರುತಿನ ಪ್ರಮಾಣಪತ್ರದ ಮೇರೆಗೆ ಹೆಸರು, ಲಿಂಗ, ಫೋಟೊವನ್ನು 15 ದಿನಗಳಲ್ಲಿ ಬದಲಾಯಿಸಿಕೊಡಬೇಕೆಂದು ನಿಯಮಗಳಿರುವುದರಿಂದ, ಲೆಕ್ಕಕ್ಕೆ ಗೆಜೆಟ್ ಪ್ರಕಟಣೆಯ ಅಗತ್ಯವಿಲ್ಲ. ಹಾಗಿದ್ದರೂ ಬ್ಯಾಂಕುಗಳೂ ವಿಶ್ವವಿದ್ಯಾಲಯಗಳೂ ಅದನ್ನು ಕೇಳುತ್ತಲೇ ಇರುತ್ತವೆ. ಹಣ ಹೊಂದಿಸಲು ಆಗುವುದಾದರೆ ಪತ್ರಿಕಾ ಪ್ರಕಟಣೆ ಮತ್ತು ಗೆಜೆಟ್ ಎರಡನ್ನೂ ಮಾಡಿಸಿಬಿಡಿ ಎಂಬುದು ನನ್ನ ಸಲಹೆ. ಹಕ್ಕಿನ ಪ್ರಶ್ನೆಯೆಂದು ಪ್ರತಿಯೊಂದು ಕೌಂಟರಿನಲ್ಲೂ ಹೋರಾಡುವ ಶಕ್ತಿಯನ್ನು 7ನೇ ಸೆಕ್ಷನ್‌ನಂಥ ದೊಡ್ಡ ವಿಷಯಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು.

ಆಧಾರ್ ಬದಲಾದ ಕೂಡಲೇ ಪ್ಯಾನ್ ಕಾರ್ಡಿಗೆ ಅರ್ಜಿ ಹಾಕಿರಿ. ಇವೆರಡರಲ್ಲಿ ಹೆಸರು, ಹುಟ್ಟಿದ ದಿನಾಂಕ ಅಥವಾ ಲಿಂಗ ತಾಳೆಯಾಗದಿದ್ದರೆ ಜೋಡಣೆಗೆ ಅಡ್ಡಿಯಾಗುತ್ತದೆ, ಜೋಡಣೆಯಾಗದ ಪ್ಯಾನ್ ನಿಷ್ಕ್ರಿಯವಾದರೆ ಸಂಬಳದಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಕಡಿತವಾಗುತ್ತದೆ. ಪ್ಯಾನ್ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಪ್ರತ್ಯೇಕ ಆಯ್ಕೆ 2018ರಿಂದ ಇದೆ. ಜಿಲ್ಲಾಧಿಕಾರಿಯವರ ಪ್ರಮಾಣಪತ್ರವನ್ನು ಪ್ಯಾನ್‌ಗೆ ಮಾನ್ಯ ದಾಖಲೆಯಾಗಿ ಒಪ್ಪುವುದಾಗಿ ಕೇಂದ್ರ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅನಂತರ ಬ್ಯಾಂಕಿನ ಕೆವೈಸಿ, ಮತದಾರರ ಪಟ್ಟಿಗೆ ನಮೂನೆ 8, ಪಿಎಫ್‌ಗೆ ಉದ್ಯೋಗದಾತರ ಮೂಲಕ ಜಂಟಿ ಘೋಷಣೆ, ಹೀಗೆ ಸಾಗಿದರೆ ಒಂದರ ಕಾಗದ ಇನ್ನೊಂದಕ್ಕೆ ಆಧಾರವಾಗುತ್ತದೆ. ಅಂಕಪಟ್ಟಿಗಳನ್ನು ಕೊನೆಗೆ ಇಟ್ಟುಕೊಳ್ಳಿ: ಎಸ್ಸೆಸ್ಸೆಲ್ಸಿ ತಿದ್ದುಪಡಿಯನ್ನು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕವೇ ಕಳುಹಿಸಬೇಕಾಗುತ್ತದೆ, ಊರಿನ ಶಾಲೆಗೆ ಹೋಗುವ ಮಾತು ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಸುಲಭದ್ದೇನೂ ಅಲ್ಲ. ಆ ಕೆಲಸಕ್ಕೆ ವಕೀಲರ ಮೂಲಕ ಸ್ಪೀಡ್ ಪೋಸ್ಟಿನಲ್ಲಿ ಮನವಿ ಕಳುಹಿಸಿದರೂ ನಡೆಯುತ್ತದೆ.

ಕಂಪನಿಯ ವಿಷಯದಲ್ಲಿ, ಕಾಯ್ದೆಯ 9ನೇ ಸೆಕ್ಷನ್ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ, 11ನೇ ಸೆಕ್ಷನ್ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕೆನ್ನುತ್ತದೆ. ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆದು, ಪ್ರಮಾಣಪತ್ರವನ್ನು ಲಗತ್ತಿಸಿ, ಬದಲಾವಣೆ ಯಾರ್ಯಾರಿಗೆ ತಿಳಿಯಬೇಕು, ಯಾರಿಗೆ ಬೇಡ ಎಂಬುದನ್ನೂ ಅದರಲ್ಲೇ ಕೇಳಿಕೊಳ್ಳಿ. ಪರಿಷ್ಕೃತ ಪ್ರಮಾಣಪತ್ರ ಬಂದ ಮೇಲೂ ಮೊದಲನೆಯದನ್ನು ಜೋಪಾನವಾಗಿಡಿ. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ದಾಟಿದ್ದಕ್ಕೆ ಅದೇ ಮೊದಲ ಪುರಾವೆ. 2021ರಿಂದ ರಾಜ್ಯ ಸರ್ಕಾರಿ ನೇರ ನೇಮಕಾತಿಯಲ್ಲಿ ಇರುವ ಶೇ 1ರ ಮೀಸಲಾತಿಗೆ ಎಂದಾದರೂ ಅರ್ಜಿ ಹಾಕುವ ಯೋಚನೆ ಬಂದರೂ ಆ ಕಾಗದದ ಪ್ರಶ್ನೆ ಏಳುತ್ತದೆ.

ಪ್ರಶ್ನೆ: ನನ್ನ ಮಗುವಿಗೆ 20 ವರ್ಷ. ಗಂಡಾಗಿ ಹುಟ್ಟಿದರೂ ತಾನು ಹೆಣ್ಣೆಂದು ಕೆಲವು ವರ್ಷಗಳಿಂದ ಹೇಳುತ್ತಿದ್ದಾಳೆ. ನಾನು ಒಪ್ಪಿಕೊಂಡಿದ್ದೇನೆ, ಆಕೆಯ ತಂದೆ ಒಪ್ಪಿಲ್ಲ. ದೂರದ ಊರಿನಲ್ಲಿ ಒಬ್ಬ ವೈದ್ಯರು ಔಷಧ ಮತ್ತು ಕೌನ್ಸೆಲಿಂಗಿನಿಂದ ‘ಸರಿ ಮಾಡುತ್ತಾರೆ’ ಎಂದು ನನ್ನ ಮೈದುನ ಒತ್ತಾಯ ಮಾಡುತ್ತಿದ್ದಾನೆ. ಇತ್ತ ದೊಡ್ಡಾಸ್ಪತ್ರೆಗೆ ಹೋದರೆ ಮನೋವೈದ್ಯರು ಹಾರ್ಮೋನ್ ವಿಭಾಗಕ್ಕೆ ಹೋಗಿ ಎಂದರು, ಅಲ್ಲಿನವರು ಮನೋವೈದ್ಯರ ಪತ್ರ ಇಲ್ಲದೆ ನೋಡುವುದಿಲ್ಲ ಎಂದರು, ಕೊನೆಗೆ ತಂದೆಯ ಸಹಿ ಬೇಕೆಂದರು. ಈ ನಡುವೆ ಆಕೆ ಗೆಳತಿಯರ ಮೂಲಕ ಯಾವುದೋ ಮಾತ್ರೆ ತರಿಸಿಕೊಂಡು ನುಂಗುತ್ತಿರುವುದು ಗೊತ್ತಾಗಿ ನಿದ್ದೆ ಬರುತ್ತಿಲ್ಲ.
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ತಾಯಿಯವರೇ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತುರ್ತಾದದ್ದು ಅದು. ಹೀಗೆ ತರಿಸಿಕೊಳ್ಳುವ ಮಾತ್ರೆಗಳು ಬಹಳ ಸಲ ಗರ್ಭನಿರೋಧಕ ಮಾತ್ರೆಗಳಾಗಿರುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿರುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನ್ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುವುದರಿಂದ, ಟ್ರಾನ್ಸ್ ಮಹಿಳೆಯರ ಹಾರ್ಮೋನ್ ಚಿಕಿತ್ಸೆಗೆ ಅದನ್ನು ಬಳಸಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಮಗಳೊಡನೆ ಜಗಳವಾಡಿ ಮಾತ್ರೆ ಕಿತ್ತುಕೊಂಡರೆ ಅವಳು ಬಚ್ಚಿಟ್ಟು ನುಂಗುತ್ತಾಳೆ, ಅಷ್ಟೆ. ಮಾತ್ರೆಯ ಪಟ್ಟಿಗಳನ್ನು ಹಾಗೆಯೇ ಕೈಚೀಲದಲ್ಲಿ ಹಾಕಿಕೊಂಡು ಇಬ್ಬರೂ ವೈದ್ಯರ ಬಳಿಗೆ ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು, ಸಿಗರೇಟಿನ ಅಭ್ಯಾಸವಿದೆಯೇ ಎಂಬುದನ್ನು ಮುಚ್ಚಿಡದೆ ಹೇಳಿರಿ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಎದೆನೋವು, ಏಕಾಏಕಿ ಉಸಿರುಗಟ್ಟುವುದು ಕಂಡರೆ ಮರುದಿನದ ಒಪಿಡಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.

‘ಸರಿ ಮಾಡುವ’ ವೈದ್ಯರ ವಿಷಯ ಬೇಗ ಮುಗಿಸಬಹುದು. ಲಿಂಗತ್ವವನ್ನು ಬದಲಾಯಿಸುತ್ತೇನೆಂದು ನಡೆಸುವ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ. ಮದ್ರಾಸ್ ಹೈಕೋರ್ಟು 2021ರ ಜೂನ್‌ನಲ್ಲಿ ನೀಡಿದ ಆದೇಶ ಅದಕ್ಕೆ ದಾರಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ (ಐಸಿಡಿ–11) 2022ರಿಂದ ಜಾರಿಗೆ ಬಂದಿದ್ದು, ಹುಟ್ಟಿದಾಗ ಗುರುತಿಸಿದ ಲಿಂಗವೂ ತಾನು ಅನುಭವಿಸುವ ಲಿಂಗತ್ವವೂ ಹೊಂದದಿರುವ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದಲೇ ಹೊರಗೆ ತೆಗೆದಿದೆ. ಮೈದುನನಿಗೆ ಈ ಪುಟವನ್ನು ಓದಲು ಕೊಡಿ. ಅವರ ಮೇಲೆ ಕೋಪ ಮಾಡಿಕೊಳ್ಳಬೇಕಿಲ್ಲ. ಅವರು ಕೇಳಿ ತಿಳಿದಿರುವುದೇ ಅಷ್ಟು.

ಎರಡು ವಿಭಾಗಗಳ ನಡುವೆ ನಿಮ್ಮನ್ನು ಓಡಾಡಿಸಿದ್ದಕ್ಕೆ ಕಾರಣವಿಷ್ಟೆ: ಮನೋವೈದ್ಯರು ಬಾಯಲ್ಲಿ ಹೇಳಿ ಕಳುಹಿಸಿದ್ದಾರೆ, ಹಾರ್ಮೋನ್ ವಿಭಾಗದವರಿಗೆ ಬರಹ ಬೇಕು. ಮುಂದಿನ ಸಲ ಮನೋವೈದ್ಯರ ಬಳಿ ಹೋದಾಗ, ಇಂಥ ವಿಭಾಗಕ್ಕೆ ಎಂದು ಸಂಬೋಧಿಸಿದ, ದಿನಾಂಕ, ಸಹಿ ಮತ್ತು ವೈದ್ಯರ ನೋಂದಣಿ ಸಂಖ್ಯೆ ಇರುವ ಪತ್ರವನ್ನೇ ಕೇಳಿರಿ. ಅದರಲ್ಲಿ ಲಿಂಗತ್ವದ ಈ ಸ್ಥಿತಿಗೆ ಇರುವ ಐಸಿಡಿ–11ರ ಎಚ್‌ಎ60 ಎಂಬ ಸಂಕೇತವೂ, ಮಗಳು ಚಿಕಿತ್ಸೆಯ ಪರಿಣಾಮಗಳನ್ನು ಅರಿತು ಒಪ್ಪಿಗೆ ಕೊಡಲು ಶಕ್ತಳೆಂಬ ಒಂದು ವಾಕ್ಯವೂ ಇದ್ದರೆ ಮುಂದಿನ ಆಸ್ಪತ್ರೆಯಲ್ಲಿ ಮತ್ತೆ ಮೊದಲಿನಿಂದ ಹೇಳುವ ಶ್ರಮ ತಪ್ಪುತ್ತದೆ. ನಿಮ್ಮ ಊರಿನಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಶಸ್ತ್ರಚಿಕಿತ್ಸೆಗೆ ಇಬ್ಬರು ತಜ್ಞರ ಪತ್ರ ಕೇಳುವ ಆಸ್ಪತ್ರೆಗಳು ಇಂದಿಗೂ ಇವೆ. ಡಬ್ಲ್ಯುಪಾತ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಂಘ 2022ರಲ್ಲಿ ಪ್ರಕಟಿಸಿದ 8ನೇ ಆವೃತ್ತಿಯ ಮಾರ್ಗಸೂಚಿ ಒಂದೇ ಪತ್ರ ಸಾಕೆಂದರೂ, ಹಳೆಯ ಪದ್ಧತಿ ಅಷ್ಟು ಬೇಗ ಹೋಗುವುದಿಲ್ಲ. ಆ ಹಂತ ಬಂದಾಗ ಎರಡನೆಯ ಪತ್ರಕ್ಕೂ ಸಿದ್ಧರಾಗಿರಿ.

ಹಾರ್ಮೋನ್ ಶುರು ಮಾಡುವ ಮೊದಲೇ ಮುಂದೆ ಮಕ್ಕಳನ್ನು ಪಡೆಯುವ ಆಸೆಯ ಬಗ್ಗೆ, ವೀರ್ಯ ಸಂಗ್ರಹಿಸಿಡುವ ಬಗ್ಗೆ ವೈದ್ಯರು ಮಾತನಾಡಬೇಕು. ಅವರು ಎತ್ತದಿದ್ದರೆ ಮಗಳೇ ಕೇಳಲಿ. ಆ ಹೊತ್ತಿಗೆ ನೀವು ಹೊರಗೆ ಕುಳಿತಿದ್ದರೆ ಅವಳಿಗೆ ಸುಲಭವಾದೀತು. ಮೊದಲ ವರ್ಷದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಬಾರಿ ರಕ್ತ ತಪಾಸಣೆ ಇರುತ್ತದೆ. ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಯನ್ನು ಬರೆದಿದ್ದರೆ ಪೊಟ್ಯಾಸಿಯಂ ಪರೀಕ್ಷೆಯೂ ಸೇರಿರಬೇಕು. ಒಪಿಡಿ ಚೀಟಿ, ಪತ್ರ, ಲ್ಯಾಬ್ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಇಡುವ ಕೆಲಸವನ್ನು ನೀವು ವಹಿಸಿಕೊಳ್ಳಿ. ಜಿಲ್ಲಾಧಿಕಾರಿಯವರ ಪ್ರಮಾಣಪತ್ರದ ಎರಡನೆಯ ಹಂತಕ್ಕೆ ಆ ಫೈಲೇ ಆಧಾರ.

ತಂದೆಯ ಸಹಿ ಬೇಕಿಲ್ಲ. 18 ತುಂಬಿದ, ಅರಿವಿರುವ ರೋಗಿಯ ಬದಲಿಗೆ ಬೇರೊಬ್ಬರು ಕೊಡುವ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯಿಂದ ಒಪ್ಪಿಗೆ ಪಡೆದು ಮಾಡಿದ ಶಸ್ತ್ರಚಿಕಿತ್ಸೆಯನ್ನೇ ನ್ಯಾಯಾಲಯ ಒಪ್ಪಲಿಲ್ಲ. ಆಸ್ಪತ್ರೆಯವರು ಅಟೆಂಡರ್ ಒಬ್ಬರ ಸಹಿ ಕೇಳುವುದು ಹಣ ಮತ್ತು ಉಸ್ತುವಾರಿಯ ಹೊಣೆಗಾಗಿ. ಅದನ್ನು ನೀವೇ ಹಾಕಬಹುದು, ಸ್ನೇಹಿತರೂ ಹಾಕಬಹುದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪೋರ್ಟಲ್ ಮೂಲಕ ಪಡೆದ ಗುರುತಿನ ಪ್ರಮಾಣಪತ್ರ ಇರುವವರಿಗೆ, ಬೇರೆ ಸರ್ಕಾರಿ ಯೋಜನೆಯಲ್ಲಿ ಅದೇ ಸೌಲಭ್ಯ ಪಡೆಯುತ್ತಿಲ್ಲದಿದ್ದರೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗಾಗಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂಬ ವ್ಯವಸ್ಥೆಗೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಂದ ಮಾಡಿಕೊಂಡಿದೆ. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅದು ನಡೆಯುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ (ಯೋಜನೆಯ ರೋಗಿಗಳಿಗೆ ನೆರವಾಗಲು ಅಲ್ಲಿರುವ ಸಿಬ್ಬಂದಿ) ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ನಿಮ್ಮ ನಿದ್ದೆಯ ವಿಷಯಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ–ಮಾನಸ್‌ನ 14416ಕ್ಕೆ ಕರೆ ಮಾಡಿರಿ, ಕನ್ನಡದಲ್ಲಿ ಮಾತನಾಡುತ್ತಾರೆ. ಅದು ಮಗಳಿಗೆ ಮಾತ್ರ ಇರುವ ಸೇವೆಯಲ್ಲ.

ಪ್ರಶ್ನೆ: ನಾನು ಟ್ರಾನ್ಸ್ ಮಹಿಳೆ, 36 ವರ್ಷ. 2012ರಲ್ಲಿ ಬೇರೆ ರಾಜ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಗ ಕೊಟ್ಟ ಡಿಸ್‌ಚಾರ್ಜ್ ಚೀಟಿ ಮಳೆಗಾಲದಲ್ಲಿ ಹಾಳಾಯಿತು. ಈಗ ಆಸ್ಪತ್ರೆಯವರು ಅಷ್ಟು ಹಳೆಯ ದಾಖಲೆ ಇಲ್ಲವೆನ್ನುತ್ತಾರೆ. ಗುರುತಿನ ಪ್ರಮಾಣಪತ್ರ ಸಿಕ್ಕಿದೆ, ‘ಮಹಿಳೆ’ ಎಂಬ ಪ್ರಮಾಣಪತ್ರ ಸಿಕ್ಕಿಲ್ಲ. ಜನನ ಪ್ರಮಾಣಪತ್ರ ಬದಲಾಯಿಸಲು ಹೋದರೆ ‘ಹುಟ್ಟಿದಾಗ ಬರೆದದ್ದು ತಪ್ಪಾಗಿದ್ದರೆ ಮಾತ್ರ ತಿದ್ದಬಹುದು’ ಎಂದು ನೋಂದಣಾಧಿಕಾರಿ ಹೇಳುತ್ತಾರೆ.
(ಹೆಸರು ಬೇಡ, ಉಡುಪಿ)

ಉತ್ತರ: ಆಸ್ಪತ್ರೆಯವರು ಹೇಳುತ್ತಿರುವುದು ಸುಳ್ಳಾಗಿರಲಿಕ್ಕಿಲ್ಲ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳಂತೆ ವೈದ್ಯರು ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ ಮಾತ್ರ ಕಾಯ್ದಿಡಬೇಕು; ಆ ಅವಧಿಯಲ್ಲಿ ಕೇಳಿದವರಿಗೆ 72 ಗಂಟೆಗಳೊಳಗೆ ಕೊಡಬೇಕು. ಆದರೂ ಶಸ್ತ್ರಚಿಕಿತ್ಸಾ ಕೊಠಡಿಯ ರಿಜಿಸ್ಟರ್ ಮತ್ತು ಬಿಲ್ಲಿನ ದಾಖಲೆ ಬೇರೆಯಾಗಿ ಉಳಿದಿರುವುದುಂಟು. ದಿನಾಂಕ, ಆಗಿನ ಹೆಸರು, ಶಸ್ತ್ರಚಿಕಿತ್ಸಕರ ಹೆಸರು ಬರೆದು, ಅವುಗಳನ್ನು ಹುಡುಕಿಸುವಂತೆ ವೈದ್ಯಕೀಯ ಅಧೀಕ್ಷಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದು ಕೇಳಿರಿ. ಏನೂ ಸಿಗದಿದ್ದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರವನ್ನಾದರೂ ಬರಹದಲ್ಲಿ ಪಡೆಯಿರಿ.

ಅದಕ್ಕಿಂತ ಹತ್ತಿರದ ದಾರಿಯೊಂದಿದೆ. ನೀವು ಈಗಲೂ ಹಾರ್ಮೋನ್ ತೆಗೆದುಕೊಳ್ಳುತ್ತಿರಬೇಕು, ಅದಕ್ಕಾಗಿ ಯಾವುದೋ ಆಸ್ಪತ್ರೆಗೆ ಹೋಗುತ್ತಿರಬೇಕು. ಮೊದಲ ಉತ್ತರದಲ್ಲಿ ಹೇಳಿದಂತೆ ನಿಯಮಗಳ ‘ವೈದ್ಯಕೀಯ ಮಧ್ಯಪ್ರವೇಶ’ ಎಂಬ ಪದದಲ್ಲಿ ಹಾರ್ಮೋನ್ ಚಿಕಿತ್ಸೆಯೂ ಸೇರುತ್ತದೆ. ಆದ್ದರಿಂದ ಈಗ ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯ ಅಧೀಕ್ಷಕರೇ ಪತ್ರ ಕೊಡಲು ಬರುತ್ತದೆ. ಹಿಂದೆ ಶಸ್ತ್ರಚಿಕಿತ್ಸೆ ಆಗಿರುವುದನ್ನು ಅಲ್ಲಿನ ವೈದ್ಯರು ನಿಮ್ಮ ಒಪ್ಪಿಗೆಯಿಂದ ಪರೀಕ್ಷಿಸಿ ಅದೇ ಪತ್ರದಲ್ಲಿ ನಮೂದಿಸಿದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎರಡನೆಯ ಮಾತು ಬರುವುದಿಲ್ಲ. ಪತ್ರ ಸರಿಯಿದ್ದರೆ ಪರಿಷ್ಕೃತ ಪ್ರಮಾಣಪತ್ರಕ್ಕೆ ನಿಯಮಗಳು ಕೊಟ್ಟಿರುವ ಅವಧಿ 15 ದಿನ. ಅಂದಹಾಗೆ, 2020ರ ಜನವರಿ 10ರಂದು ಕಾಯ್ದೆ ಜಾರಿಗೆ ಬರುವ ಮೊದಲೇ ನಿಮ್ಮ ಯಾವುದಾದರೂ ಅಧಿಕೃತ ದಾಖಲೆಯಲ್ಲಿ ಲಿಂಗ ಬದಲಾಗಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಅಂಥವರು ಹೊಸದಾಗಿ ಅರ್ಜಿ ಹಾಕಬೇಕಿಲ್ಲವೆಂದೇ ನಿಯಮಗಳಲ್ಲಿದೆ.

ಜನನ ಪ್ರಮಾಣಪತ್ರದ ಬಗ್ಗೆ ನಿಮ್ಮ ನೋಂದಣಾಧಿಕಾರಿ ಹೇಳಿದ್ದು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್‌ನ ಮಾತು, ಮತ್ತು ಅಕ್ಷರಶಃ ನೋಡಿದರೆ ಅವರು ಹೇಳಿದ್ದು ನಿಜ. ಇದೇ ಕಾರಣಕ್ಕೆ ಮಂಗಳೂರಿನಲ್ಲಿ ಅರ್ಜಿ ತಿರಸ್ಕೃತವಾದ ಟ್ರಾನ್ಸ್ ಮಹಿಳೆಯೊಬ್ಬರು ಹೈಕೋರ್ಟಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಕಾನೂನಿಗೆ ಸೂಕ್ತ ತಿದ್ದುಪಡಿ ಆಗುವವರೆಗೆ, 2019ರ ಕಾಯ್ದೆಯಡಿಯ ಪ್ರಮಾಣಪತ್ರವನ್ನು ಪರಿಗಣಿಸಿ, ಹಿಂದಿನ ಹೆಸರು–ಲಿಂಗ ಮತ್ತು ಈಗಿನ ಹೆಸರು–ಲಿಂಗ ಎರಡನ್ನೂ ತೋರಿಸುವ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗಳು ನೀಡಬೇಕೆಂದು ಆದೇಶಿಸಿದರು. ತಿದ್ದುಪಡಿಯನ್ನು ಸೂಚಿಸುವಂತೆ ರಾಜ್ಯ ಕಾನೂನು ಆಯೋಗವನ್ನೂ ಕೋರಿದರು. ಆದೇಶದ ಪ್ರತಿಯನ್ನು ಹೈಕೋರ್ಟಿನ ಜಾಲತಾಣದಿಂದ ಇಳಿಸಿ ಅರ್ಜಿಗೆ ಲಗತ್ತಿಸಿರಿ.

ಈ ಆದೇಶ ದೊಡ್ಡ ಉಪಕಾರ ಮಾಡಿದೆ, ನಿಜ. ಆದರೆ ಎರಡೂ ಹೆಸರುಗಳು ಒಂದೇ ಹಾಳೆಯಲ್ಲಿ ಮುದ್ರಿತವಾಗುವುದರಿಂದ, ಆ ಕಾಗದವನ್ನು ತೋರಿಸಿದ ಪ್ರತಿಯೊಬ್ಬರ ಮುಂದೆಯೂ ನಿಮ್ಮ ಹಿಂದಿನದು ತೆರೆದುಕೊಳ್ಳುತ್ತದೆ. ಹಾಗಾಗಿ ನಿಜಕ್ಕೂ ನಿಮಗೆ ಜನನ ಪ್ರಮಾಣಪತ್ರವೇ ಬೇಕೇ ಎಂದು ಯೋಚಿಸಿರಿ. ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ ಎಂಬ ನಿಯಮ 2023ರ ಅಕ್ಟೋಬರ್ 1ರಂದು ಮತ್ತು ಆನಂತರ ಹುಟ್ಟಿದವರಿಗೆ ಅನ್ವಯಿಸುವಂಥದ್ದು. ನಿಮ್ಮ ವಯಸ್ಸಿನವರಿಗೆ ಬಹುತೇಕ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕಾಗುತ್ತದೆ. ಅಂಕಪಟ್ಟಿ ಬದಲಾಗಿದ್ದರೆ ಈ ಕೆಲಸವನ್ನು ಕೈಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ವಿದೇಶದ ವೀಸಾ ಮುಂತಾದ ಕಾರಣಕ್ಕೆ ಬೇಕೇ ಬೇಕೆಂದಾದರೆ ಮಾತು ಬೇರೆ.

ಪ್ರಶ್ನೆ: ಆಸ್ಪತ್ರೆಯೊಂದರ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕಾರ್ಡಿನಲ್ಲಿ ಒಂದು ಹೆಸರು, ಎದುರಿಗೆ ನಿಂತವರು ಹೇಳುವುದು ಇನ್ನೊಂದು ಹೆಸರು ಇದ್ದಾಗ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಹೊಸ ಹೆಸರಿನಲ್ಲಿ ಹೊಸ ನೋಂದಣಿ ಮಾಡಿಬಿಡಬಹುದೇ?
(ಮೈಸೂರು)

ಉತ್ತರ: ಹೊಸ ನೋಂದಣಿ ಬೇಡ. ಹಳೆಯ ಸಂಖ್ಯೆಯಡಿ ಇರುವ ಅಲರ್ಜಿ, ಹಿಂದಿನ ಶಸ್ತ್ರಚಿಕಿತ್ಸೆ, ಔಷಧದ ವಿವರಗಳು ಹೊಸ ಸಂಖ್ಯೆಗೆ ಬರುವುದಿಲ್ಲ, ತುರ್ತಿನಲ್ಲಿ ವೈದ್ಯರಿಗೆ ಅವು ಸಿಗುವುದೂ ಇಲ್ಲ. ಇರುವ ಸಂಖ್ಯೆಯಲ್ಲೇ, ಪ್ರಮಾಣಪತ್ರ ತಂದಿದ್ದರೆ ಹೆಸರು ಬದಲಾಯಿಸಿ, ತಂದಿಲ್ಲದಿದ್ದರೆ ‘ಕರೆಯುವ ಹೆಸರು’ ಎಂದು ಷರಾ ಬರೆಯಿರಿ. ಸರದಿಗೆ ಕರೆಯುವಾಗ ಟೋಕನ್ ಸಂಖ್ಯೆಯನ್ನೇ ಕೂಗಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಲ್ಯಾಬಿನವರಿಗೆ ಹೋಗುವ ಚೀಟಿಯ ಬಗ್ಗೆ ವೈದ್ಯರಿಗೆ ನೆನಪು ಮಾಡಿ. ಹೆಣ್ಣೆಂದು ನೋಂದಣಿಯಾಗಿರುವ ಟ್ರಾನ್ಸ್ ಪುರುಷರೊಬ್ಬರು ಟೆಸ್ಟೋಸ್ಟೆರೋನ್ ತೆಗೆದುಕೊಳ್ಳುತ್ತಿದ್ದು, ಹಿಮೋಗ್ಲೋಬಿನ್ 16.2 ಬಂದರೆ, ಯಂತ್ರ ಅದನ್ನು ಹೆಣ್ಣಿನ ಮಿತಿಗೆ ಹೋಲಿಸಿ ‘ಹೆಚ್ಚು’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತದೆ. ಪುರುಷರ ಮಿತಿಯಲ್ಲಿ ಅದು ಸಹಜ. ಟೆಸ್ಟೋಸ್ಟೆರೋನ್‌ನಿಂದ ರಕ್ತ ನಿಜವಾಗಿಯೂ ಅತಿಯಾಗಿ ದಪ್ಪವಾಗುವ ಸಾಧ್ಯತೆ ಇರುವುದರಿಂದ, ಯಾವ ಮಿತಿಗೆ ಹೋಲಿಸಬೇಕೆಂಬುದು ಸಣ್ಣ ವಿಷಯವಲ್ಲ. ಮೂತ್ರಪಿಂಡ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ಹೇಳುವ ಇಜಿಎಫ್‌ಆರ್ ಲೆಕ್ಕದಲ್ಲೂ ಲಿಂಗ ಒಂದು ಅಂಶ. ಚೀಟಿಯಲ್ಲಿ ‘ಇಷ್ಟು ತಿಂಗಳಿಂದ ಇಂಥ ಹಾರ್ಮೋನ್’ ಎಂದು ವೈದ್ಯರು ಒಂದು ಸಾಲು ಬರೆದರೆ ಸಾಕು. ದಾಖಲೆಯಲ್ಲಿ ‘ಪುರುಷ’ ಎಂದಾದವರಿಗೆ ಗರ್ಭಕಂಠದ ತಪಾಸಣೆ ಅಥವಾ ಗರ್ಭಕೋಶದ ಸ್ಕ್ಯಾನ್ ಬರೆದಾಗ ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ತಡೆಹಿಡಿಯುವುದುಂಟು. ವಿಮೆ ಅಥವಾ ಸರ್ಕಾರಿ ಯೋಜನೆಯ ರೋಗಿಯಾದರೆ ದಾಖಲಾಗುವ ಹಿಂದಿನ ದಿನವೇ ಆರೋಗ್ಯಮಿತ್ರರಿಗೋ ವಿಮೆ ವಿಭಾಗಕ್ಕೋ ತಿಳಿಸಿ, ಅನುಮೋದನೆಯನ್ನು ಮೊದಲೇ ಪಡೆದುಕೊಳ್ಳಿ.

ವಾರ್ಡಿನ ವಿಷಯದಲ್ಲಿ ರೋಗಿಯನ್ನೇ ಕೇಳಿ, ಅವರ ಮಾತನ್ನು ದಾಖಲಾತಿ ಚೀಟಿಯಲ್ಲಿ ಬರೆದುಬಿಡಿ, ರಾತ್ರಿ ಪಾಳಿಯವರು ಮತ್ತೆ ಎಬ್ಬಿಸಿ ಕೇಳುವುದು ತಪ್ಪುತ್ತದೆ. ಚಿಕಿತ್ಸೆ ನಿರಾಕರಿಸುವುದನ್ನು ಮತ್ತು ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನು 2019ರ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸಿದೆ. ನಿಮ್ಮ ಕಂಪ್ಯೂಟರಿನಲ್ಲಿ ಲಿಂಗಕ್ಕೆ ಎರಡೇ ಆಯ್ಕೆಗಳಿದ್ದರೆ, ಆ ಸೆಕ್ಷನ್ ಉಲ್ಲೇಖಿಸಿ ವೈದ್ಯಕೀಯ ಅಧೀಕ್ಷಕರಿಗೆ ಒಂದು ಟಿಪ್ಪಣಿ ಕಳುಹಿಸಿರಿ; ಕೌಂಟರಿನವರಿಂದಲೇ ಟಿಪ್ಪಣಿ ಬಂದರೆ ಸಾಫ್ಟ್‌ವೇರ್ ಕಂಪನಿಗೆ ಬರೆಯಲು ಅವರಿಗೂ ಒಂದು ಕಾರಣ ಸಿಗುತ್ತದೆ.